ಟಿಕೆಟ್ ಹೊತ್ತು, ಪ್ರಾರ್ಥನೆ ಹೊತ್ತು

ಕಳೆದ ತಿಂಗಳು ಸಂಘದ ಸಭೆಗೆ ಬಂದವರಿಗೆ ನೆನಪಿರಬಹುದು. ಊಟಕ್ಕೆ ಮುಂಚೆ ನಮ್ಮ ಕಣ್ಣೆದುರೇ ಬೆಳೆದ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷ ಮಾತಾಡಿದಳು. ಒಂದು ಸೆಮಿಸ್ಟರ್ ಓದಲು ಸ್ಪೇನಿನ ಗ್ರಾನಡಾಕ್ಕೆ ಹೋಗಿ ಬಂದವಳು. ಕಾಲೇಜು, ಹೊಸ ಗೆಳೆಯರು, ಸಮುದ್ರ ತೀರ ಅಂತ ಏನೋ ಹೇಳುತ್ತಾಳೆ ಎಂದುಕೊಂಡು ಕೂತಿದ್ದೆವು. ಅವಳು ಹೇಳಿದ್ದೆಲ್ಲ ತಾನು ಹೋಗಿ ಕೂತ ಚರ್ಚು, ಮಸೀದಿ, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗಳ ಬಗ್ಗೆ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: "ಅಲ್ಲಮ್ಮಾ, ನಮ್ಮ ದೇವರಿಗೆ ಕೈ ಮುಗಿಯೋಕೇ ನಿಮಗೆಲ್ಲ ಪುರುಸೊತ್ತಿಲ್ಲ. ಅಷ್ಟು ದೂರ ಹೋಗಿ ಬೇರೆಯವರ ದೇವರ ಮುಂದೆ ಯಾಕೆ ಕೂತೆ?"

"ಸುಮ್ನೆ ಕೂತೆ ಅಂಕಲ್. ಅವರು ಹೇಗೆ ಕೈ ಮುಗೀತಾರೆ ಅಂತ ನೋಡೋಕೆ" ಎಂದಳು.

ಅಷ್ಟರಲ್ಲಿ ಊಟಕ್ಕೆ ಕರೆದರು. ಆ ಪ್ರಶ್ನೆಯೂ ಆ ಉತ್ತರವೂ ನನ್ನ ತಲೆಯಲ್ಲೇ ಉಳಿದವು. ಆಮೇಲೆ ಅವಳನ್ನು ಮನೆಗೆ ಕರೆದು, ಸಭೆಯಲ್ಲಿ ಹೇಳಲು ಸಮಯ ಸಾಲದೇ ಹೋದದ್ದನ್ನೆಲ್ಲ ಕೇಳಿಸಿಕೊಂಡೆ. ಈ ತಿಂಗಳ ಸಂಪಾದಕೀಯ ಅದೇ.

ಸ್ಪೇನಿನದೇ ಇನ್ನೊಂದು ಊರು ಕಾರ್ಡೋಬಾ. ಅಲ್ಲಿನ ಮಸೀದಿಗೆ ಅವಳು ಎರಡು ಸಲ ಹೋಗಿದ್ದಾಳೆ. ಮೊದಲ ಸಲ ಕಾಲೇಜಿನವರ ಜೊತೆ, ನಡುಮಧ್ಯಾಹ್ನ. ಗೈಡ್ ಇಸವಿಗಳನ್ನು ಹೇಳುತ್ತಾ ಹೋದರು. 785ರ ಸುಮಾರಿಗೆ ಮುಸ್ಲಿಂ ಅರಸ ಒಂದನೇ ಅಬ್ದುಲ್ ರಹಮಾನ್ ಕಟ್ಟಿಸಲು ಶುರು ಮಾಡಿದ್ದು. ಮುಂದಿನ 200 ವರ್ಷ ಬೆಳೆಯುತ್ತಲೇ ಹೋಗಿದ್ದು. 1236ರಲ್ಲಿ ಕ್ರೈಸ್ತ ರಾಜ ಊರನ್ನು ಗೆದ್ದಾಗ ಚರ್ಚ್ ಆಗಿದ್ದು. 16ನೇ ಶತಮಾನದಲ್ಲಿ ಕಂಬಗಳ ನಡುವೆ ಜಾಗ ಬಿಡಿಸಿ ದೊಡ್ಡ ಕತೀಡ್ರಲ್ ಎಬ್ಬಿಸಿದ್ದು. ಕೆಂಪು ಬಿಳಿ ಪಟ್ಟೆಯ ಕಮಾನುಗಳ ಕೆಳಗೆ ಎಲ್ಲರೂ ಫೋಟೋ ತೆಗೆಸಿಕೊಂಡರು, ಬಸ್ ಹತ್ತಿದರು. "ಚೆನ್ನಾಗಿತ್ತು ಆಂಟಿ, ಆದ್ರೆ ಏನೂ ಅನ್ನಿಸಲಿಲ್ಲ" ಎಂದಳು.

ಎರಡನೇ ಸಲ ಒಬ್ಬಳೇ ಹೋದಳು. ಅಲ್ಲಿ ಬೆಳಗ್ಗೆ, ಪ್ರವಾಸಿ ಗುಂಪುಗಳು ಬರುವ ಮೊದಲು, ಸ್ವಲ್ಪ ಹೊತ್ತು ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ. 850ಕ್ಕೂ ಜಾಸ್ತಿ ಕಂಬಗಳ ನಡುವೆ ತನ್ನ ಹೆಜ್ಜೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆವತ್ತು ಅವಳು ಕಂಬಗಳನ್ನು ಸರಿಯಾಗಿ ನೋಡಿದಳು. ಒಂದರ ಹಾಗೆ ಇನ್ನೊಂದಿಲ್ಲ. ಎಷ್ಟೋ ಕಂಬಗಳು ಹಳೆಯ ರೋಮನ್ನರ, ಅವರ ನಂತರ ಅಲ್ಲಿ ಆಳಿದ ವಿಸಿಗಾತರ ಕಟ್ಟಡಗಳಿಂದ ತಂದವು. ಅವು ಗಿಡ್ಡ. ಅಷ್ಟು ದೊಡ್ಡ ಹಜಾರಕ್ಕೆ ಆ ಎತ್ತರ ಸಾಲದು. ಅದಕ್ಕೇ ಕಟ್ಟಿದವರು ಕಮಾನಿನ ಮೇಲೆ ಇನ್ನೊಂದು ಕಮಾನು ಇಟ್ಟು ಚಾವಣಿಯನ್ನು ಮೇಲಕ್ಕೆತ್ತಿದರು. ನಾವೆಲ್ಲ ಫೋಟೋದಲ್ಲಿ ಮೆಚ್ಚುವ ಆ ಚೆಲುವು ಹುಟ್ಟಿದ್ದು ಗಿಡ್ಡ ಕಂಬಗಳಿಂದ!

ಮಿಹ್ರಾಬಿನ ಮುಂದೆ ಹೋಗಿ ನಿಂತಳು. ನಮಾಜಿಗೆ ಯಾವ ದಿಕ್ಕಿಗೆ ತಿರುಗಬೇಕೆಂದು ತೋರಿಸುವ ಗೋಡೆಯ ಗೂಡು ಅದು. ಚಿನ್ನದ ಬಣ್ಣದ ಮೊಸಾಯಿಕ್, ಸುತ್ತ ಅರಬ್ಬಿ ಅಕ್ಷರ. ನಮಾಜಿಗೆಂದೇ ಮಾಡಿದ ಜಾಗ. ಈಗ ಅಲ್ಲಿ ಮುಸ್ಲಿಮರು ನಮಾಜು ಮಾಡುವಂತಿಲ್ಲ. ಸ್ವಲ್ಪ ಹೊತ್ತಿಗೆ ನಡುವಿನ ಕತೀಡ್ರಲ್‌ನಲ್ಲಿ ಪೂಜೆ ಶುರುವಾಯಿತು. ಹಿಂದಿನ ಬೆಂಚಿನಲ್ಲಿ ಕೂತಳು. ಒಂದು ಹಂತದಲ್ಲಿ ಎಲ್ಲರೂ ಪಕ್ಕದವರ ಕಡೆ ತಿರುಗಿ ಕೈ ಕುಲುಕುತ್ತಾರೆ, "ಶಾಂತಿ ಇರಲಿ" ಎನ್ನುತ್ತಾರೆ. ಪಕ್ಕದಲ್ಲಿದ್ದ ಅಜ್ಜಿ ಇವಳ ಕೈ ಹಿಡಿದು ಹಾಗೇ ಅಂದರು. ರೊಟ್ಟಿಯ ಪ್ರಸಾದಕ್ಕೆ ಎಲ್ಲರೂ ಸಾಲು ನಿಂತಾಗ ಇವಳು ಎದ್ದು ಹೋಗಲಿಲ್ಲ, ಕೂತೇ ಇದ್ದಳು. ಅದು ದೀಕ್ಷಾಸ್ನಾನ ಪಡೆದ ಕ್ಯಾಥೋಲಿಕರಿಗೆ ಮಾತ್ರ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದಳು. ಈ ಒಂದು ಮಾತು ಕೇಳಿ ನನಗೆ ಬಹಳ ಸಂತೋಷವಾಯಿತು. ಬೇರೆಯವರ ಮನೆಗೆ ಹೋದಾಗ ಎಲ್ಲಿ ಕೂರಬೇಕು, ಯಾವ ಬಾಗಿಲ ಹೊರಗೆ ನಿಲ್ಲಬೇಕು ಎಂದು ತಿಳಿಯುವುದು ಸಣ್ಣ ವಿಷಯವಲ್ಲ.

ಆ ಕಟ್ಟಡ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ಅಲ್ಲಿ ಪೂಜೆ ಮಾಡುವವರು ಕ್ಯಾಥೋಲಿಕರು. ಊರಿನವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೆಸ್ಕೀತಾ, ಅಂದರೆ ಮಸೀದಿ. "ನಿನಗೇನು ಅನ್ನಿಸಿತು?" ಎಂದು ಕೇಳಿದೆ. "ಅಜ್ಜಿ ನಿಜವಾಗಿ ಪ್ರಾರ್ಥನೆ ಮಾಡ್ತಿದ್ರು. ಮಿಹ್ರಾಬ್ ನಿಜವಾಗಿ ಖಾಲಿ ಇತ್ತು. ಎರಡನ್ನೂ ನೋಡಿ ಬಂದೆ" ಎಂದಳು. ಇಪ್ಪತ್ತರ ಹುಡುಗಿ ತೀರ್ಪು ಕೊಡಲು ಅವಸರ ಮಾಡಲಿಲ್ಲ. ನಮ್ಮಲ್ಲಿ ಎಷ್ಟು ಜನರಿಗೆ ಅದು ಸಾಧ್ಯ?

ಅಲ್ಲಿಂದ ಕೆಲವೇ ನಿಮಿಷ ನಡೆದರೆ ಸಣ್ಣದೊಂದು ಸಿನಗಾಗ್ ಇದೆ. 1315ರಲ್ಲಿ ಕಟ್ಟಿದ್ದು. ಗಾರೆ ಗೋಡೆಯ ಮೇಲೆ ಹೀಬ್ರೂ ಅಕ್ಷರಗಳು ಇನ್ನೂ ಕಾಣುತ್ತವೆ. ಇಲ್ಲಿಗೆ ಪ್ರಾರ್ಥನೆಯ ಹೊತ್ತಿಗೆ ಹೋಗೋಣ ಎಂದರೆ ಆ ಹೊತ್ತು ಎನ್ನುವುದೇ ಇಲ್ಲ. 1492ರ ಮಾರ್ಚ್ 31ರಂದು ಯಹೂದಿಗಳು ಮತ ಬದಲಿಸಬೇಕು, ಇಲ್ಲವೇ ದೇಶ ಬಿಡಬೇಕು ಎಂಬ ಆಜ್ಞೆ ಹೊರಟಿತು. ಪ್ರಾರ್ಥಿಸುವವರು ಹೋದ ಮೇಲೆ ಆ ಕಟ್ಟಡ ಹುಚ್ಚುನಾಯಿ ಕಡಿದವರ ಆಸ್ಪತ್ರೆಯಾಯಿತು. ಆಜ್ಞೆಗೆ ಸಹಿ ಬಿದ್ದದ್ದು ಗ್ರಾನಡಾದಲ್ಲಿ. ಅಂದರೆ ಇವಳು ದಿನಾ ಪುಸ್ತಕ ಹಿಡಿದು ಓಡಾಡುತ್ತಿದ್ದ ಊರಿನಲ್ಲಿ. ಆವತ್ತು ಸಂಜೆ ಬಸ್ಸಿನಲ್ಲಿ ವಾಪಸ್ ಬರುವಾಗ ಯಾರ ಜೊತೆಗೂ ಮಾತಾಡಲು ಮನಸ್ಸಾಗಲಿಲ್ಲವಂತೆ.

ಗ್ರಾನಡಾದ ಅಲ್ಬೈಸಿನ್ ಗುಡ್ಡದ ಮೇಲೆ ಹೊಸ ಮಸೀದಿಯೊಂದಿದೆ. ತೆರೆದದ್ದು 2003ರಲ್ಲಿ. 1492ರಲ್ಲಿ ಊರು ಕ್ರೈಸ್ತ ರಾಜರ ಕೈ ಸೇರಿದ ಮೇಲೆ, 500 ವರ್ಷ ಕಳೆದು ಅಲ್ಲಿ ಕಟ್ಟಿದ ಮೊದಲ ಮಸೀದಿ ಅದು. ಅದಕ್ಕಾಗಿ 20 ವರ್ಷಕ್ಕೂ ಜಾಸ್ತಿ ಓಡಾಡಿದವರಲ್ಲಿ ಇಸ್ಲಾಮಿಗೆ ಸೇರಿದ ಸ್ಪೇನಿನವರೇ ಇದ್ದರು. ತೋಟದಲ್ಲಿ ನಿಂತರೆ ಎದುರಿಗೇ ಅಲ್ಹಂಬ್ರಾ ಅರಮನೆ. ತಲೆಗೆ ಬಟ್ಟೆ ಹೊದ್ದು, ಒಳಗಿದ್ದ ಹೆಂಗಸೊಬ್ಬರ ಅನುಮತಿ ಕೇಳಿ, ಒಂದು ಶುಕ್ರವಾರ ಹೆಂಗಸರ ಕಡೆ ಹಿಂದೆ ಕೂತಳು. ಇದನ್ನು ಅವಳು ಒಂದೇ ಮಾತಲ್ಲಿ ಮುಗಿಸಿದಳು. "ನಾನು ಹೊಸಬಳು ಅಂತ ಯಾರೂ ತಿರುಗಿ ತಿರುಗಿ ನೋಡಲಿಲ್ಲ ಆಂಟಿ."

ಈಸ್ಟರ್‌ಗೆ ಮುಂಚಿನ ವಾರದಲ್ಲಿ ಅವಳಿಗೆ ಮೊದಲು ಭಯವಾಗಿತ್ತು. ಆ ವಾರದ ಮೆರವಣಿಗೆಗಳಲ್ಲಿ ನೂರಾರು ಜನ ಉದ್ದನೆ ಚೂಪು ಟೋಪಿ ಹಾಕಿ, ಮುಖ ಮುಚ್ಚಿ, ಕಣ್ಣಿಗೆ ಎರಡು ತೂತು ಮಾತ್ರ ಬಿಟ್ಟುಕೊಂಡು ನಡೆಯುತ್ತಾರೆ. ಆ ವೇಷ ನೋಡಿದರೆ ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಅಮೆರಿಕದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ನೆನಪಾಗುತ್ತದೆ. ಆದರೆ ಇದು ಅದಕ್ಕಿಂತ ಎಷ್ಟೋ ಹಳೆಯದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ತಪ್ಪೊಪ್ಪಿಕೊಂಡು ನಡೆಯುವವರು ಯಾರೆಂದು ಊರಿಗೆ ಗೊತ್ತಾಗಬಾರದು ಎಂದು ಮುಖ ಮುಚ್ಚುತ್ತಾರೆ. ವಿಗ್ರಹಗಳ ಭಾರವಾದ ಪೀಠ ಹೊರುವವರು ಬಟ್ಟೆಯ ಮರೆಯಲ್ಲಿರುತ್ತಾರೆ. ಜನಕ್ಕೆ ಕಾಣುವುದು ಅವರ ಪಾದ ಮಾತ್ರ. ಗುರುವಾರ ನಡುರಾತ್ರಿ ಗ್ರಾನಡಾದಲ್ಲಿ ಮೌನದ ಮೆರವಣಿಗೆ ಹೊರಡುತ್ತದೆ. ಬೀದಿ ದೀಪ ಆರಿಸುತ್ತಾರೆ. ವಾದ್ಯವಿಲ್ಲ, ಮಾತಿಲ್ಲ. ಕತ್ತಲಲ್ಲಿ ಒಂದು ಡೋಲಿನ ಪೆಟ್ಟು ಮಾತ್ರ. ಸಾವಿರಾರು ಜನ ನಿಂತಿದ್ದ ಕಿರಿದಾದ ಬೀದಿಯಲ್ಲಿ ಒಂದು ಮಗುವೂ ಅಳಲಿಲ್ಲ ಎಂದು ಹೇಳುವಾಗ ಅವಳೇ ದನಿ ತಗ್ಗಿಸಿದ್ದಳು.

ಆ ಹಿರಿಯರ ಮಾತಿಗೆ ಬರುತ್ತೇನೆ. ಅವರ ಮೇಲೆ ನನಗೆ ಗೌರವವಿದೆ, ಅವರ ಆತಂಕವೂ ಸುಳ್ಳಲ್ಲ. ನಮ್ಮ ಮಕ್ಕಳು ನಮ್ಮದನ್ನು ಬಿಟ್ಟುಬಿಡುತ್ತಾರೋ ಎಂಬ ಭಯ ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಬೇರೆಯವರು ಕಣ್ಣು ಮುಚ್ಚಿ ಕೂತಾಗ ಸದ್ದಿಲ್ಲದೆ ಪಕ್ಕದಲ್ಲಿ ಕೂರಲು ಕಲಿತ ಮಗು ನಮ್ಮ ಪ್ರಾರ್ಥನೆಯ ಹೊತ್ತಿಗೆ ಫೋನ್ ನೋಡುತ್ತಾ ಕೂರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಾನೇ ಹತ್ತು ವರ್ಷದ ಹಿಂದೆ ಬಾರ್ಸಿಲೋನಾದ ಸಗ್ರಾಡಾ ಫಮೀಲಿಯಾ ನೋಡಿದ್ದೇನೆ. 1882ರಲ್ಲಿ ಶುರುವಾದ ಚರ್ಚು, ವಾಸ್ತುಶಿಲ್ಪಿ ಗೌಡಿಯ ಕೈಚಳಕ, ಬಣ್ಣದ ಗಾಜಿನಿಂದ ಇಳಿಯುವ ಬೆಳಕು, ಎಲ್ಲ ನೋಡಿದೆ. ಅಲ್ಲಿ ಭಾನುವಾರ ಬೆಳಗ್ಗೆ ಪೂಜೆ ಇರುತ್ತದೆ, ಯಾರು ಬೇಕಾದರೂ ಹೋಗಬಹುದು ಎಂದು ನನಗೆ ತಿಳಿದದ್ದು ಈ ಹುಡುಗಿಯಿಂದ. ನಾನು ಟಿಕೆಟ್ ಹೊತ್ತಿಗೆ ಹೋಗಿ ಬಂದೆ. ಆ ಕೊರಗು ಈಗ ಶುರುವಾಗಿದೆ.

ಈ ವರ್ಷ ಸೆಮಿಸ್ಟರ್ ಓದಲು ಹೊರಟಿರುವ ನಮ್ಮ ಮಕ್ಕಳಿಗೆ ಅವಳು ಹೇಳಿದ ಎರಡು ಮಾತು ತಲುಪಿಸುತ್ತೇನೆ. ಭುಜ, ಮಂಡಿ ಮುಚ್ಚುವ ಬಟ್ಟೆ ಮತ್ತು ಒಂದು ದುಪಟ್ಟಾ ಯಾವಾಗಲೂ ಚೀಲದಲ್ಲಿರಲಿ. ಫೋನನ್ನು ಬಾಗಿಲಲ್ಲೇ ಆಫ್ ಮಾಡಿ. ತಂದೆ ತಾಯಂದಿರಿಗೆ ನನ್ನ ಮಾತು ಒಂದೇ: ಮಕ್ಕಳು ಫೋನ್ ಮಾಡಿದಾಗ "ಏನು ನೋಡಿದೆ" ಎನ್ನುವುದರ ಜೊತೆ "ಅಲ್ಲಿ ಯಾರಿದ್ದರು, ಏನು ಮಾಡುತ್ತಿದ್ದರು" ಎಂದೂ ಕೇಳಿ.

ಪರೀಕ್ಷೆ ಮುಗಿದ ಮೇಲೆ ಅವಳು ರೂಮಿನ ಗೆಳತಿಯ ಜೊತೆ ಸಾರಿಯಾ ಎಂಬ ಊರಿಂದ ಕ್ರೈಸ್ತರ ಯಾತ್ರಾಸ್ಥಳವಾದ ಸಾಂತಿಯಾಗೊಗೆ ನಡೆದಳು. ಸುಮಾರು 115 ಕಿಲೋಮೀಟರ್, ಆರು ದಿನ. ದಾರಿಯುದ್ದಕ್ಕೂ ಹಳದಿ ಬಾಣದ ಗುರುತು, ಚಿಪ್ಪಿನ ಗುರುತು. ಚರ್ಚಿನಲ್ಲಿ, ಉಳಿದ ಛತ್ರದಲ್ಲಿ ಯಾತ್ರಿಕರ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಂಡು ಹೋಗಬೇಕು. ಕನಿಷ್ಠ 100 ಕಿಲೋಮೀಟರ್ ನಡೆದವರಿಗೆ ಕೊನೆಯಲ್ಲಿ ಪ್ರಮಾಣಪತ್ರ ಸಿಗುತ್ತದೆ. ಆದರೆ ಕೊಡುವ ಮೊದಲು ಕಚೇರಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಯಾಕೆ ನಡೆದಿರಿ? ದೇವರಿಗಾಗಿ ಅಥವಾ ಮನಸ್ಸಿನ ಹುಡುಕಾಟಕ್ಕಾಗಿ ಎಂದವರಿಗೆ ಕಾಂಪೊಸ್ತೇಲಾ ಎಂಬ ಲ್ಯಾಟಿನ್ ಭಾಷೆಯ ಪ್ರಮಾಣಪತ್ರ. ಬೇರೆ ಕಾರಣಕ್ಕೆ ಎಂದವರಿಗೆ ಬೇರೆ ಪತ್ರ.

ಅದೇ ಪ್ರಶ್ನೆ, ಅಲ್ವಾ? ಅಲ್ಲಿ ಅವಳು "ಸುಮ್ನೆ" ಎನ್ನಲಿಲ್ಲವಂತೆ. ಹಿಂದೆ ಸಾಲು ಬೆಳೆಯುತ್ತಿದ್ದರೂ ಸ್ವಲ್ಪ ಹೊತ್ತು ಯೋಚಿಸಿದಳಂತೆ. ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಅವಳು ಚೀಲದಿಂದ ಸುರುಳಿ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಸುತ್ತಲೂ ಹೂಬಳ್ಳಿಯ ಅಂಚು, ಸಾಲು ಸಾಲು ಲ್ಯಾಟಿನ್. ಅಲ್ಲಿ ಹೆಸರನ್ನೂ ಲ್ಯಾಟಿನ್ನಿಗೆ ತಿರುಗಿಸಿ ಬರೆಯುವ ರೂಢಿ ಇದೆ. ಇವಳ ಹೆಸರಿಗೆ ಲ್ಯಾಟಿನ್ ರೂಪ ಸಿಕ್ಕಿಲ್ಲ. ಅಜ್ಜಿ ಇಟ್ಟ ಹೆಸರನ್ನೇ, ಅಕ್ಷರ ಅಕ್ಷರ ಕೇಳಿಕೊಂಡು, ಕೈಯಲ್ಲಿ ಬರೆದುಕೊಟ್ಟಿದ್ದಾರೆ.