ಮಾರುವ ಮುನ್ನ ಕಾಗದದ ಮೇಲೆ ಬರೆಸಿಕೊಳ್ಳಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟದ ನಮ್ಮ ಕೇರಿಯ ನಾಲ್ಕು ಹುಡುಗರು ಮೂರು ವರ್ಷದಿಂದ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ. ತಮಟೆ, ಸೋಬಾನೆ, ಅಂಬೇಡ್ಕರ್ ಜಯಂತಿ ಮೆರವಣಿಗೆ, ನೀರು ಬಾರದ ನಲ್ಲಿ, ಎಲ್ಲವನ್ನೂ ತೋರಿಸುತ್ತಾರೆ. ಈಗ ಬೆಂಗಳೂರಿನವರು ಯಾರೋ ಬಂದು ಅದನ್ನು ಕೊಳ್ಳುತ್ತೇವೆ ಅಂದಿದ್ದಾರೆ. ಏನು ಮಾಡೋಣ ಮಾವ ಎಂದು ಹುಡುಗರು ನನ್ನ ಹತ್ತಿರ ಬಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಸಣ್ಣ ಚಾನೆಲ್ ನಡೆಸುವ ಬೇರೆ ಊರಿನವರೂ ಓದಲಿ ಎಂದು ಆಸೆ.

ನಾನು 1994ರಲ್ಲಿ ಇಲ್ಲಿ ಕೇಬಲ್ ಶುರು ಮಾಡಿದವನು. ಆಗ ನಮ್ಮದು ಇನ್ನೂ ಕೋಲಾರ ಜಿಲ್ಲೆ. ಒಂದು ಡಿಶ್, ಎರಡು ಆಂಪ್ಲಿಫೈಯರ್. ಮೊದಲ ಕನೆಕ್ಷನ್‌ಗಳು ರೇಷ್ಮೆ ರೀಲರ್‌ಗಳ ಮನೆಗೆ. ದಿನ ಕಳೆದಂತೆ ಚಾನೆಲ್ ಮೇಲೆ ಚಾನೆಲ್ ಬಂದವು. ನಮ್ಮಪ್ಪನಂಥ ಮುಖ ಮಾತ್ರ ಒಂದರಲ್ಲೂ ಕಾಣಲಿಲ್ಲ. ಅಪ್ಪ ತಮಟೆ ಬಾರಿಸುವವರು. ಅದಕ್ಕೇ 1997ರಲ್ಲಿ ಒಂದು ವಿಸಿಆರ್, ಒಂದು ಮಾಡ್ಯುಲೇಟರ್ ಇಟ್ಟುಕೊಂಡು ಶನಿವಾರ ರಾತ್ರಿ ಎರಡು ಗಂಟೆ ನಮ್ಮ ಊರಿನದೇ ಕಾರ್ಯಕ್ರಮ ಹಾಕಲು ಶುರು ಮಾಡಿದೆ. ಮೊದಲ ವಾರ ಅಪ್ಪನನ್ನೇ ತೋರಿಸಿದೆ. ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುವುದರಿಂದ ಹಿಡಿದು ಕೊನೆಯ ಪೆಟ್ಟಿನವರೆಗೆ. ಅಪ್ಪನನ್ನು ಜಗಲಿಗೂ ಹತ್ತಿಸದ ಮನೆಗಳ ನಡುಮನೆಯಲ್ಲಿ ಆ ರಾತ್ರಿ ಅಪ್ಪ ಇದ್ದರು. ಅದನ್ನು ನಾನು ಯಾವತ್ತೂ ಮರೆಯಲಾರೆ.

ಅಮೆರಿಕದಲ್ಲೂ ಒಬ್ಬರು ಹೀಗೇ ಎರಡು ಗಂಟೆಯಿಂದ ಶುರು ಮಾಡಿದ್ದರು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅಲ್ಲಿರುವ ನನ್ನ ತಂಗಿಯ ಮಗ ಹೇಳಿದ. ರಾಬರ್ಟ್ ಜಾನ್ಸನ್ ಎಂಬ ಕಪ್ಪು ಜನಾಂಗದ ವ್ಯಕ್ತಿ ವಾಷಿಂಗ್ಟನ್‌ನಲ್ಲಿ ಕೇಬಲ್ ಕಂಪನಿಗಳ ಸಂಘದಲ್ಲಿ ಕೆಲಸಕ್ಕಿದ್ದರು. ಬ್ಯಾಂಕಿನಿಂದ 15,000 ಡಾಲರ್ ಸಾಲ ತಂದರು. ಜಾನ್ ಮಲೋನ್ ಎಂಬ ದೊಡ್ಡ ಕೇಬಲ್ ಮಾಲೀಕರ ಕಂಪನಿ ಐದು ಲಕ್ಷ ಡಾಲರ್ ಹಾಕಿತು. ಹೆಂಡತಿ ಶೀಲಾ ಜೊತೆಗೆ ನಿಂತರು. 1980ರ ಜನವರಿ 25ರ ಶುಕ್ರವಾರ ರಾತ್ರಿ ಬ್ಲ್ಯಾಕ್ ಎಂಟರ್‌ಟೈನ್‌ಮೆಂಟ್ ಟೆಲಿವಿಷನ್ ಶುರುವಾಯಿತು. ಜನ ಅದನ್ನು ಬಿಇಟಿ ಅಂತಾರೆ. ಆಗ ಅದಕ್ಕೆ ಸ್ವಂತ ಚಾನೆಲ್ ಇರಲಿಲ್ಲ. ಬೇರೆಯವರ ಚಾನೆಲ್‌ನಲ್ಲಿ ವಾರಕ್ಕೊಮ್ಮೆ ಎರಡೇ ಗಂಟೆ ಜಾಗ. 1983ರಲ್ಲಿ ಸ್ವಂತ ಚಾನೆಲ್ ಆಯಿತು. 1991ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಯಿತು. ಕಪ್ಪು ಜನರ ಹಿಡಿತದಲ್ಲಿದ್ದ ಕಂಪನಿಯೊಂದು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. 1998ರಲ್ಲಿ ಜಾನ್ಸನ್ ಮತ್ತು ಮಲೋನ್ ಕಡೆಯವರು ಸೇರಿ ಹೊರಗಿನವರ ಷೇರುಗಳನ್ನೆಲ್ಲ ವಾಪಸ್ ಕೊಂಡು ಪೇಟೆಯಿಂದ ಹೊರಬಂದರು.

2000ದಲ್ಲಿ ವಯಾಕಾಮ್ ಕಂಪನಿಗೆ ಮಾರಾಟ. ಸಾಲ ಸೇರಿ ಸುಮಾರು 300 ಕೋಟಿ ಡಾಲರ್. ಜಾನ್ಸನ್ ನೂರು ಕೋಟಿ ಡಾಲರ್ ದಾಟಿದ ಮೊದಲ ಕಪ್ಪು ಅಮೆರಿಕನ್ ಆದರು. ಇದರಲ್ಲಿ ತಪ್ಪೇನಿಲ್ಲ. ಕಟ್ಟಿದವರಿಗೆ ದುಡ್ಡು ಬರಲೇಬೇಕು. ನನ್ನ ಮನಸ್ಸು ನಿಲ್ಲುವುದು ಆಮೇಲೆ ನಡೆದದ್ದರ ಮೇಲೆ. 2002ರ ಕೊನೆಗೆ ಸುದ್ದಿ ಮತ್ತು ಚರ್ಚೆಯ ಮೂರು ಕಾರ್ಯಕ್ರಮ ಒಟ್ಟಿಗೇ ನಿಂತವು. ಹದಿಹರೆಯದ ಮಕ್ಕಳಿಗಾಗಿ ಶೀಲಾ ರೂಪಿಸಿದ್ದ ‘ಟೀನ್ ಸಮ್ಮಿಟ್’ ಕೂಡ ಅದರಲ್ಲಿತ್ತು. 2005ರಲ್ಲಿ ರಾತ್ರಿ ಸುದ್ದಿಯೂ ಹೋಯಿತು. ಮಾರುವುದಕ್ಕೆ ಮುಂಚೆಯೇ ಮ್ಯೂಸಿಕ್ ವಿಡಿಯೋ ಜಾಸ್ತಿ ಆಗಿತ್ತು ಎಂಬ ದೂರು ಇದ್ದದ್ದು ನಿಜ. ಖರ್ಚಿಲ್ಲದೆ ಸಿಗುವುದನ್ನು ಹಾಕುವ ಒತ್ತಡ ಹೇಗಿರುತ್ತದೆ ಎಂದು ನನಗೂ ಗೊತ್ತು, ಎಷ್ಟೋ ಶನಿವಾರ ನಾನೂ ಸಿನಿಮಾ ಹಾಡು ಹಾಕಿದ್ದೇನೆ. ಆದರೆ ಮಾಲೀಕತ್ವ ಕೈಲಿದ್ದರೆ ಮುಂದಿನ ಶನಿವಾರ ತಿದ್ದಿಕೊಳ್ಳಬಹುದು, ಅಲ್ವಾ? 2010ರಲ್ಲಿ ಶೀಲಾ, ಆ ಚಾನೆಲ್ ಬಗ್ಗೆ ನನಗೆ ನಾಚಿಕೆಯಾಗುತ್ತದೆ, ನೋಡುವುದೂ ಇಲ್ಲ ಎಂದರು. ಹೆತ್ತವಳ ಬಾಯಿಂದ ಆ ಮಾತು ಬರಬೇಕಾದರೆ ಹೊಟ್ಟೆಯಲ್ಲಿ ಎಷ್ಟು ಸಂಕಟ ಇದ್ದಿರಬೇಕು.

1986ರಲ್ಲಿ ವಕೀಲೆಯಾಗಿ ಸೇರಿದ್ದ ಡೆಬ್ರಾ ಲೀ ಎಂಬ ಕಪ್ಪು ಮಹಿಳೆಯೇ ಮುಂದೆ 2018ರವರೆಗೆ ಅದರ ಮುಖ್ಯಸ್ಥೆಯಾಗಿದ್ದರು. ಕುರ್ಚಿಯಲ್ಲಿ ನಮ್ಮವರು ಕೂತರೂ ಕೀಲಿಕೈ ಮೇಲಿನ ಕಂಪನಿಯದು. 2023ರಲ್ಲಿ ಆ ಕಂಪನಿ ಬಿಇಟಿಯ ಹೆಚ್ಚಿನ ಪಾಲನ್ನು ಮಾರಲು ಹೊರಟಿತು. ಟೈಲರ್ ಪೆರ್ರಿ, ಬೈರನ್ ಆಲೆನ್ ಮುಂತಾದ ಕಪ್ಪು ಉದ್ಯಮಿಗಳು ಕೊಳ್ಳಲು ಮುಂದೆ ಬಂದರು. ಆಗಸ್ಟ್‌ನಲ್ಲಿ ಕಂಪನಿ ಮಾರುವ ಯೋಚನೆಯನ್ನೇ ಬಿಟ್ಟಿತು. ಒಮ್ಮೆ ಕೈಬಿಟ್ಟಿದ್ದು ದುಡ್ಡಿದ್ದವರಿಗೂ ವಾಪಸ್ ಸಿಗಲಿಲ್ಲ.

ನನ್ನದೂ ಹಾಗೇ ಆಯಿತು. ಕೇಬಲ್ ಡಿಜಿಟಲ್ ಆಗಲೇಬೇಕು ಎಂದು ಕಾನೂನು ಬಂತು. 2017ರ ಮಾರ್ಚ್ ಹೊತ್ತಿಗೆ ಹಳ್ಳಿಗಳಿಗೂ ಅದು ಕಡ್ಡಾಯ. ಡಿಜಿಟಲ್ ಕಂಟ್ರೋಲ್ ರೂಮ್ ಹಾಕುವ ಶಕ್ತಿ ನನಗಿರಲಿಲ್ಲ. ಲೈನ್‌ಗಳನ್ನೆಲ್ಲ ಒಂದು ಕಂಪನಿಗೆ ಕೊಟ್ಟೆ. ಶನಿವಾರದ ಕಾರ್ಯಕ್ರಮ ಮುಂದುವರಿಸ್ತೀವಿ ಸಾರ್ ಎಂದು ಅವರು ಬಾಯಲ್ಲಿ ಹೇಳಿದರು. ನಾನು ನಂಬಿದೆ. ಮೂರು ತಿಂಗಳಿಗೆ ಅದು ನಿಂತಿತು. ಕೇಳಲು ಹೋದರೆ ಕೌಂಟರ್‌ನಲ್ಲಿದ್ದ ಹುಡುಗನಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ಖುಷಿಯಿಂದ ಕಣ್ಣು ತುಂಬಿ ಬಂತು. ಅದನ್ನು ಇಡೀ ರಾತ್ರಿ ತೋರಿಸಲು ನನ್ನ ಕೈಲಿ ಒಂದು ಚಾನೆಲ್ ಇರಲಿಲ್ಲ.

ಹುಡುಗರಿಗೆ ಮಾರಬೇಡಿ ಎಂದು ನಾನು ಹೇಳಲಿಲ್ಲ. ಅವರಿಗೂ ಹೊಟ್ಟೆ ಇದೆ, ಕ್ಯಾಮೆರಾ ಸಾಲ ಇದೆ. ಅರ್ಧಕ್ಕಿಂತ ಜಾಸ್ತಿ ಪಾಲು ನಿಮ್ಮಲ್ಲೇ ಇಟ್ಟುಕೊಳ್ಳಿ ಎಂದೆ. ಆಗದಿದ್ದರೆ, ವಾರಕ್ಕೆ ಇಷ್ಟು ಗಂಟೆ ಕೇರಿಯ ಕಾರ್ಯಕ್ರಮ ಇರಲೇಬೇಕು, ಮುಂದೆ ಮಾರುವಾಗ ಮೊದಲು ನಮ್ಮನ್ನೇ ಕೇಳಬೇಕು, ಈ ಎರಡು ಮಾತನ್ನು ವಕೀಲರ ಹತ್ತಿರ ಬರೆಸಿಕೊಳ್ಳಿ ಎಂದೆ. ನನ್ನ ಟ್ರಂಕಿನಲ್ಲಿ ಆ ಶನಿವಾರಗಳ ವಿಎಚ್‌ಎಸ್ ಕ್ಯಾಸೆಟ್‌ಗಳಿವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಅಪ್ಪನದು ಇನ್ನೂ ಚೆನ್ನಾಗಿದೆ. ಆ ಕಾಗದ ಕೈಗೆ ಬಂದ ದಿನ ಎಲ್ಲವನ್ನೂ ಹುಡುಗರಿಗೆ ಸುಮ್ನೆ ಕೊಟ್ಟುಬಿಡುತ್ತೇನೆ.

– ಒಬ್ಬ ಮಾಜಿ ಕೇಬಲ್ ಆಪರೇಟರ್, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ