ನನ್ನ ತಮ್ಮನ ಕಾಯಿಲೆಯ ಸುದ್ದಿಯನ್ನು ಅಡತ್ ಅಂಗಡಿಗೆ ಮುಟ್ಟಿಸಿದ ಆ್ಯಪ್ ಕುರಿತು ದೂರು

ಇವರಿಂದ:
ಬಳಕೆದಾರರ ಅಕ್ಕ, ಕಲಬುರಗಿ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಮಾನಸಿಕ ಆರೋಗ್ಯ ಆ್ಯಪ್ ನಡೆಸುವ ಕಂಪನಿ

ವಿಷಯ: ಮೊಬೈಲ್ ಮಾಹಿತಿಯ ದುರ್ಬಳಕೆ ಹಾಗೂ ರೋಗಿಯ ಗೋಪ್ಯತೆಯ ಉಲ್ಲಂಘನೆ

ಮಾನ್ಯರೇ,

ಅಫಜಲಪುರ ತಾಲ್ಲೂಕಿನಲ್ಲಿ ಕಬ್ಬು, ತೊಗರಿ ಬೆಳೆಯುವ ನನ್ನ ತಮ್ಮ ಖಿನ್ನತೆಗಾಗಿ ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾನೆ. ಒಂದು ಭೇಟಿಯಿಂದ ಇನ್ನೊಂದು ಭೇಟಿಯವರೆಗೆ ಅವನು ಹೇಗಿದ್ದಾನೆಂದು ವೈದ್ಯರಿಗೆ ತಿಳಿಯಲಿ ಎಂದು ಅಲ್ಲಿ ನಿಮ್ಮ ಆ್ಯಪ್ ಹಾಕಿಸಿದರು. ತಿಂಗಳ ಶುಲ್ಕವನ್ನು ಅವನೇ ಕಟ್ಟುತ್ತಿದ್ದ. ತೊಗರಿ ರಾಶಿಯ ಹೊತ್ತಿನಲ್ಲಿ ಆ ಆ್ಯಪಿನಿಂದ ಒಂದು ಸಂದೇಶ ಹೊರಟಿತು: ಇವರ ನಿದ್ರೆ ಕೆಟ್ಟಿದೆ, ಮನಸ್ಸಿನ ಸ್ಥಿತಿ ಹದಗೆಡುವ ಲಕ್ಷಣಗಳಿವೆ, ಜೊತೆಗಿದ್ದು ನೋಡಿಕೊಳ್ಳಿ ಎಂದು. ಅದು ಅವನ ಹೆಂಡತಿಗೆ ಹೋಗಲಿಲ್ಲ, ನನಗೆ ಬರಲಿಲ್ಲ, ವೈದ್ಯರಿಗೂ ತಲುಪಲಿಲ್ಲ. ಎಪಿಎಂಸಿಯಲ್ಲಿ ಅವನ ಮಾಲು ಹಾಕಿಸಿಕೊಂಡು ಕಮಿಷನ್ ಮೇಲೆ ಮಾರಿಸಿಕೊಡುವ ಅಡತ್ ಅಂಗಡಿಯ ಸಾವಕಾರರಿಗೆ ಹೋಯಿತು.

ಕಾರಣ ಕೇಳಿದಾಗ ನಿಮ್ಮ ಸಹಾಯವಾಣಿಯವರು ಹೇಳಿದ್ದು ಇಷ್ಟು: ಆಪ್ತರ ಸಂಖ್ಯೆಯ ಜಾಗ ಖಾಲಿ ಇದ್ದರೆ, ಹೆಚ್ಚು ಕರೆ ಹೋಗಿ ಬಂದಿರುವ ಸಂಖ್ಯೆಯನ್ನು ಆ್ಯಪ್ ತಾನೇ ಆರಿಸಿಕೊಳ್ಳುತ್ತದೆ. ರಾಶಿಯ ಕಾಲದಲ್ಲಿ ಒಬ್ಬ ರೈತ ಅತಿ ಹೆಚ್ಚು ಮಾತನಾಡುವುದು ದರ ಕೇಳಲು, ಅಡತ್ ಅಂಗಡಿಯೊಂದಿಗೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಬಿತ್ತನೆಗೆ ಮುಂಗಡ ಕೊಡುವವರು, ಲೆಕ್ಕ ಹಿಡಿಯುವವರು ಅದೇ ಸಾವಕಾರರು. ಈ ಸಲ ಅವರು ಮುಂಗಡದ ಮಾತು ಬಂದಾಗ, ‘ಮೊದಲು ಆರಾಮಾಗಲಿ, ಆಮೇಲೆ ನೋಡೋಣ’ ಎಂದರು. ಅವರನ್ನು ನಾನು ದೂರುವುದಿಲ್ಲ. ಅವರು ಕೇಳದ ಸುದ್ದಿಯನ್ನು ಅವರ ಕೈಗೆ ಕೊಟ್ಟವರು ನೀವು.

ಇನ್ನು ಆ ಸಂದೇಶದಲ್ಲಿದ್ದ ‘ಲಕ್ಷಣ’ದ ವಿಷಯ. ಪಂಪ್‌ಸೆಟ್‌ಗೆ ತ್ರೀಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದಾಗ ಕಬ್ಬಿಗೆ ನೀರು ಬಿಡಲು ರಾತ್ರಿಯೇ ಹೊಲಕ್ಕೆ ಹೋಗಬೇಕು. ಟಾರ್ಚಿಗಾಗಿ ಮೊಬೈಲ್ ಕೈಯಲ್ಲೇ ಇರುತ್ತದೆ, ಬದುವಿನ ಮೇಲೆ ಓಡಾಟ ನಡೆದೇ ಇರುತ್ತದೆ, ಹಗಲು ಮಲಗುವುದಾಗುತ್ತದೆ. ಫೋನಿನ ಚಲನೆ, ಪರದೆ ಬೆಳಗಿದ ಸಮಯ, ಇರುವ ಸ್ಥಳ ಇವುಗಳಿಂದ ನಿದ್ರೆಯನ್ನು ಊಹಿಸುವ ನಿಮ್ಮ ಲೆಕ್ಕಾಚಾರಕ್ಕೆ ಅದು ಕಾಯಿಲೆಯಾಗಿ ಕಂಡಿತು. ರಂಜಾನ್ ತಿಂಗಳಲ್ಲಿ ಸಹರಿಗೆ ಏಳುವ ಮನೆಗಳನ್ನು ಈ ಯಂತ್ರ ಏನೆಂದು ಓದುತ್ತದೆ? ಮೇ ತಿಂಗಳ ಬಿಸಿಲಿಗೆ ಹೆದರಿ ಕಲಬುರಗಿಯ ಜನ ಮಧ್ಯಾಹ್ನವೆಲ್ಲ ಮನೆಯೊಳಗಿದ್ದರೆ, ಅದನ್ನು ಜನಸಂಪರ್ಕ ಬೇಡವೆನ್ನುವ ಖಿನ್ನತೆ ಎಂದು ಬರೆದುಕೊಳ್ಳುತ್ತದೆಯೇ? ಒಂದೇ ಫೋನನ್ನು ಗಂಡ, ಹೆಂಡತಿ, ಮಕ್ಕಳು ಬಳಸುವ ಮನೆಗಳಲ್ಲಿ ಅದು ಯಾರ ಮನಸ್ಸನ್ನು ಅಳೆಯುತ್ತಿದೆ? ವೈದ್ಯರಾಗಿದ್ದರೆ ‘ರಾತ್ರಿ ಯಾಕೆ ಎದ್ದಿದ್ದೆ?’ ಎಂದು ಒಂದು ಮಾತು ಕೇಳುತ್ತಿದ್ದರು. ನಿಮ್ಮಲ್ಲಿ ಆ ಒಂದು ಪ್ರಶ್ನೆ ಕೇಳುವ ಮನುಷ್ಯರೇ ಇರಲಿಲ್ಲ.

ಅವನು ‘ಒಪ್ಪಿದ್ದಾನೆ’ ಎಂದು ನೀವು ಉತ್ತರಿಸಿದ್ದೀರಿ. ಒಪ್ಪಿಗೆಯ ಪುಟ ಪೂರ್ತಿ ಇಂಗ್ಲಿಷಿನಲ್ಲಿದೆ. ಸ್ಥಳ, ಕರೆಗಳ ಪಟ್ಟಿ, ಮೈಕ್ ಮೂರಕ್ಕೂ ಅನುಮತಿ ಒತ್ತದೆ ಆ್ಯಪ್ ಮುಂದಕ್ಕೆ ಹೋಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶವೂ ಇರಬೇಕು. ಅದರ ಎಲ್ಲ ಕಲಮುಗಳು ಜಾರಿಗೆ ಬರಲಿ, ಆಮೇಲೆ ನೋಡೋಣ ಎಂಬ ಉತ್ತರ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಆ ಹಕ್ಕು ಅನ್ವಯಿಸುತ್ತದೆ ಎಂದು 24ನೇ ಕಲಮು ಹೇಳುತ್ತದೆ.

ನೀವು ಕೂಡಿಟ್ಟಿರುವ ಮಾಹಿತಿಯ ಬಗ್ಗೆಯೂ ನನಗೆ ಭಯವಿದೆ. ಫಿನ್‌ಲೆಂಡಿನ ವಾಸ್ತಾಮೊ ಎಂಬ ಮನಃಚಿಕಿತ್ಸಾ ಸಂಸ್ಥೆಯ ಕಡತಗಳು ಕಳ್ಳರ ಪಾಲಾಗಿ, 2020ರಲ್ಲಿ ರೋಗಿಗಳಿಗೇ ನೇರವಾಗಿ ಹಣದ ಬೆದರಿಕೆಗಳು ಬಂದವು. ಅಲ್ಲಿನವರು ಬಾಯಿಬಿಟ್ಟು ಹೇಳಿದ್ದು ಸೋರಿತು. ನನ್ನ ತಮ್ಮ ಹೇಳದೇ ಇದ್ದದ್ದನ್ನೂ ನೀವು ಸಂಗ್ರಹಿಸಿದ್ದೀರಿ.

ತನ್ನ ಕಾಯಿಲೆಯನ್ನು ಯಾರಿಗೆ, ಯಾವಾಗ ಹೇಳಬೇಕು ಎಂಬುದನ್ನು ಅವನು ನಿರ್ಧರಿಸಬೇಕಿತ್ತು. ನನಗೆ ಹೇಳಲಿಕ್ಕೇ ಅವನಿಗೆ ಒಂದು ಮಳೆಗಾಲ ಹಿಡಿಯಿತು. ಈಗ ಅವನು ಫೋನ್ ಮನೆಯಲ್ಲೇ ಬಿಟ್ಟು ಓಡಾಡುತ್ತಾನೆ, ಆಸ್ಪತ್ರೆಗೆ ಬರಲೂ ಹಿಂದೇಟು ಹಾಕುತ್ತಾನೆ. ಕಷ್ಟದ ಹೊತ್ತಿಗೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್ ಸಂಖ್ಯೆ 14416 ಬರೆದುಕೊಟ್ಟೆ. ‘ಅದೂ ಯಾರಿಗಾದರೂ ಹೇಳುತ್ತದೆಯೇ ಅಕ್ಕಾ?’ ಎಂದು ಕೇಳಿದ. ನಿಮ್ಮ ಆ್ಯಪ್ ಮಾಡಿರುವ ಅತಿ ದೊಡ್ಡ ಹಾನಿ ಇದು.

ಅವನ ಲಿಖಿತ ಒಪ್ಪಿಗೆ ಪಡೆದು ಈ ದೂರು ಬರೆದಿದ್ದೇನೆ, ಪ್ರತಿಯನ್ನು ಲಗತ್ತಿಸಿದೆ. ಅವನ ಬಗ್ಗೆ ಸಂಗ್ರಹಿಸಿದ ಎಲ್ಲ ಮಾಹಿತಿಯ ಪ್ರತಿಯನ್ನೂ ಅದನ್ನು ಯಾರು ಯಾರಿಗೆ ಕೊಟ್ಟಿದ್ದೀರಿ ಎಂಬ ವಿವರವನ್ನೂ ಕನ್ನಡದಲ್ಲಿ ಕೊಡಿ. ಆನಂತರ ಎಲ್ಲವನ್ನೂ ಅಳಿಸಿ, ಅಳಿಸಿದ್ದಕ್ಕೆ ಪತ್ರ ಕೊಡಿ. ಆಪ್ತರ ಸಂಖ್ಯೆಯನ್ನು ಆ್ಯಪ್ ತಾನೇ ಆರಿಸುವ ವ್ಯವಸ್ಥೆಯನ್ನು ಎಲ್ಲ ಬಳಕೆದಾರರಿಗೂ ಇಂದೇ ನಿಲ್ಲಿಸಿ. ಅವನ ಕ್ಷಮೆಯನ್ನು ಲಿಖಿತವಾಗಿ ಕೇಳಿ. ಸಾವಕಾರರಿಗೆ ಮಾತ್ರ ತಿದ್ದುಪಡಿಯ ಹೆಸರಿನಲ್ಲಿ ಇನ್ನೊಂದು ಸಂದೇಶ ಕಳಿಸಬೇಡಿ.

ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇವೆ.

ಇತಿ,
ಬಳಕೆದಾರರ ಅಕ್ಕ
ಕಲಬುರಗಿ