ಟರ್ಬೊ ಯಾಕೆ ಹೋಯಿತು ಎಂದು ಬಿಲ್ಲಿನಲ್ಲಿ ಬರೆದುಕೊಡಿ

ಮಾನ್ಯ ಸಂಪಾದಕರೇ,

ಸಕಲೇಶಪುರ–ಮಂಗಳೂರು ನಡುವೆ ಟ್ಯಾಕ್ಸಿ ಓಡಿಸುವವನು ನಾನು. ಸ್ವಂತ ಗಾಡಿ, 2017ರ ಡೀಸೆಲ್ ಕಾರು. 2023ರಲ್ಲಿ ಮೂರು ತಿಂಗಳ ಒಳಗೆ ಇದರ ಟರ್ಬೊ, ಅಂದರೆ ಇಂಜಿನ್‌ಗೆ ಒತ್ತಿ ಗಾಳಿ ತುಂಬುವ ಭಾಗ, ಎರಡು ಸಲ ಹೋಯಿತು. ಮೊದಲ ಸಲ 54,000 ರೂಪಾಯಿ, ಎರಡನೇ ಸಲ 24,000. ದಿನಕ್ಕೊಂದು ಬಾಡಿಗೆ ಸಿಕ್ಕರೆ ಸಾಕು ಅನ್ನುವವರಿಗೆ ಇದು ಸಣ್ಣ ದುಡ್ಡಲ್ಲ. ಬೇರೆ ಗಾಡಿಯವರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಆಗಸ್ಟ್‌ನಲ್ಲಿ, 1,62,000 ಕಿ.ಮೀ. ಆದಾಗ. ನಾಲ್ಕು ಜನರನ್ನು ಕೂರಿಸಿಕೊಂಡು ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ಗಾಡಿ ಎರಡಕ್ಕೆ ಹಾಕಿದರೂ ಏಳಲಿಲ್ಲ. ಬಾನೆಟ್ ಒಳಗಿಂದ ಜೋರಾಗಿ ಶಿಳ್ಳೆ, ಕನ್ನಡಿಯಲ್ಲಿ ನೀಲಿ ಹೊಗೆ. ಸರ್ವೀಸ್ ಸೆಂಟರ್‌ನಲ್ಲಿ ಟರ್ಬೊ ಹೋಗಿದೆ, ಹೊಸದೇ ಹಾಕಬೇಕು ಅಂದರು. ಯಾಕೆ ಹೋಯಿತು ಎಂದು ಕೇಳಿದೆ. “ಇಷ್ಟು ಓಡಿದೆಯಲ್ಲ ಸಾರ್, ಅದರ ಆಯಸ್ಸೇ ಅಷ್ಟು” ಎಂದರು. ನಂಬಿ ದುಡ್ಡು ಕಟ್ಟಿದೆ. ಸರಿಯಾಗಿ 3,800 ಕಿ.ಮೀ. ಆದ ಮೇಲೆ ಅದೇ ಶಿಳ್ಳೆ, ಅದೇ ಹೊಗೆ. ವಾರಂಟಿ ಕೇಳಿದರೆ ಆಯಿಲ್ ಸರಿ ಇಲ್ಲ, ಕೊಡಲು ಬರುವುದಿಲ್ಲ ಎಂದರು.

ಆಮೇಲೆ ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಟರ್ಬೊ ಮುಟ್ಟಲೇ ಇಲ್ಲ. ಇಂಜಿನ್‌ನಿಂದ ಟರ್ಬೊಗೆ ಆಯಿಲ್ ಹೋಗುವ ಸಣ್ಣ ಪೈಪನ್ನು ಬಿಚ್ಚಿ, ಒರೆಸಿ, “ಊದಿ ನೋಡಿ” ಎಂದು ನನ್ನ ಕೈಗೆ ಕೊಟ್ಟರು. ಕೆನ್ನೆ ನೋಯುವಷ್ಟು ಊದಿದೆ. ಗಾಳಿ ಆಚೆ ಹೋಗಲಿಲ್ಲ. ಒಳಗೆ ತಂತಿ ತೂರಿಸಿ ಎಳೆದರು. ತಳ ಹಿಡಿದ ಬಾಣಲೆಯಿಂದ ಕೆರೆದು ತೆಗೆದಂತೆ ಗಟ್ಟಿ ಕಪ್ಪು ಪುಡಿ ಕಾಗದದ ಮೇಲೆ ಉದುರಿತು. ಆಮೇಲೆ ಟರ್ಬೊ ಇಳಿಸಿ, ಅದರ ಚಕ್ರಗಳು ಕೂತಿರುವ ಶಾಫ್ಟ್‌ನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರು. ಸಡಿಲವಾದ ಹಲ್ಲಿನಂತೆ ಆಡುತ್ತಿತ್ತು. ಚಕ್ರದ ಎಲೆಗಳ ಅಂಚು ಕವಚದ ಒಳಗೋಡೆಗೆ ಉಜ್ಜಿ ಹೊಳೆಯುತ್ತಿತ್ತು. 54,000 ಕೊಟ್ಟು ಹಾಕಿಸಿದ ಹೊಸ ಟರ್ಬೊ ಅದು! ಸರ್ವೀಸ್ ಸೆಂಟರ್‌ನವರು ಹಳೇ ಪೈಪನ್ನು ಹಾಗೇ ಬಿಟ್ಟು ಹೊಸ ಟರ್ಬೊ ಕೂರಿಸಿದ್ದರು.

ಅವರು ಹೇಳಿದ ಮೇಲೆ ನನಗೆ ವಿಷಯ ಅರ್ಥವಾಯಿತು. ಸೈಲೆನ್ಸರ್‌ಗೆ ಹೋಗುವ ಬಿಸಿ ಹೊಗೆಯೇ ಟರ್ಬೊ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಇಂಜಿನ್‌ಗೆ ಗಾಳಿ ತುಂಬುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು. ಅಷ್ಟು ವೇಗದಲ್ಲಿ ಶಾಫ್ಟ್ ಆಯಿಲಿನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಆಯಿಲ್ ಒಂದೆರಡು ಕ್ಷಣ ತಪ್ಪಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಘಾಟಿ ಹತ್ತಿ ಬಂದ ತಕ್ಷಣ ಇಂಜಿನ್ ಆಫ್ ಮಾಡಿದರೆ ಆಯಿಲ್ ಓಡಾಟ ನಿಲ್ಲುತ್ತದೆ, ಬಿಸಿ ಮಾತ್ರ ಹಾಗೇ ಇರುತ್ತದೆ. ಒಳಗೆ ಉಳಿದ ಆಯಿಲ್ ಕರಟಿ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ನಾನು ಆರು ವರ್ಷ ಮಾಡಿದ್ದು ಅದನ್ನೇ. ಘಾಟಿ ಹತ್ತಿದ ಮೇಲೆ ಸಿಗುವ ದೋಣಿಗಾಲ್‌ನಲ್ಲಿ ಗಾಡಿ ನಿಲ್ಲಿಸುವುದು, ಕೀ ತಿರುಗಿಸುವುದು, ಟೀ ಕುಡಿಯುವುದು. ಲಾಕ್‌ಡೌನ್‌ನಲ್ಲಿ ಬಾಡಿಗೆ ಇಲ್ಲ ಅಂತ 14 ತಿಂಗಳು ಆಯಿಲ್ ಬದಲಿಸಿರಲಿಲ್ಲ. ಆ ತಪ್ಪು ನನ್ನದೇ. ಆದರೆ ಹೀಗೆ ಮಾಡಬಾರದು ಎಂದು ಗಾಡಿ ಕೊಟ್ಟವರಾಗಲಿ, ಸರ್ವೀಸ್ ಮಾಡಿದವರಾಗಲಿ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಹಾಸನದಲ್ಲಿ ಪೂರ್ತಿ ಟರ್ಬೊ ಬದಲಿಸಲಿಲ್ಲ. ಹೊರಗಿನ ಕವಚ ಚೆನ್ನಾಗಿತ್ತು, ಶಾಫ್ಟ್, ಚಕ್ರ ಎಲ್ಲ ಸೇರಿದ ಒಳಗಿನ ಕೋರ್ ಮಾತ್ರ ಬದಲಿಸಿದರು. ಕೋರ್ 15,500, ಪೈಪ್ ಮತ್ತು ಬೋಲ್ಟು 1,800, ಆಯಿಲ್ ಮತ್ತು ಫಿಲ್ಟರ್ 3,700, ಕೂಲಿ 3,000. ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಬಿಚ್ಚಿ ಒಳಗೆ ನಿಂತಿದ್ದ ಆಯಿಲನ್ನೂ ತೊಳೆದರು. ಅಲ್ಲಿಂದ ಇಲ್ಲಿಗೆ 68,000 ಕಿ.ಮೀ. ಆಗಿದೆ, ಶಿಳ್ಳೆಯೂ ಇಲ್ಲ, ಹೊಗೆಯೂ ಇಲ್ಲ. ಕೋರ್ ಹಾಕಿಸುವವರು ಮೆಷಿನ್‌ನಲ್ಲಿ ಬ್ಯಾಲೆನ್ಸ್ ಮಾಡಿದ್ದನ್ನೇ ಕೇಳಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ದುಡ್ಡು ದಂಡ.

ಆಯಸ್ಸು ಅಷ್ಟೇ ಅನ್ನುವ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ನಮ್ಮ ಸ್ಟ್ಯಾಂಡಿನಲ್ಲೇ ಒಂದು ಕಾರು 3,10,000 ಕಿ.ಮೀ. ಓಡಿದೆ, ಕಂಪನಿಯಿಂದ ಬಂದ ಟರ್ಬೊನೇ ಇದೆ. ಆ ಗಾಡಿಯ ಅಣ್ಣ 10,000 ಕಿ.ಮೀ.ಗೆ ಆಯಿಲ್ ಬದಲಿಸುವುದನ್ನು ತಪ್ಪಿಸುವುದಿಲ್ಲ, ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಇಂಜಿನ್ ಸುಮ್ನೆ ಓಡಲು ಬಿಡುತ್ತಾರೆ. ಈಗ ಒಂದು ಲೀಟರ್ ಇಂಜಿನ್ನಿನ ಸಣ್ಣ ಪೆಟ್ರೋಲ್ ಕಾರಿಗೂ ಟರ್ಬೊ ಬಂದಿದೆ, ಅದರ ಹೊಗೆ ಡೀಸೆಲ್‌ಗಿಂತ ಜಾಸ್ತಿ ಬಿಸಿ. ಮನೆ ಕಾರು ಇಟ್ಟುಕೊಂಡವರೂ ಇದನ್ನು ತಿಳಿದಿರಬೇಕು ಅಲ್ವಾ? ಇನ್ನೊಂದು ಮಾತು. ನೀಲಿ ಹೊಗೆ ಕಂಡರೆ ಮುಂದಿನ ಊರಿನವರೆಗೆ ಹೋಗೋಣ ಅನ್ನಬೇಡಿ. ಟರ್ಬೊದಿಂದ ಆಯಿಲ್ ಇಂಜಿನ್ ಒಳಗೆ ನುಗ್ಗಿದರೆ ಡೀಸೆಲ್ ಇಂಜಿನ್ ಅದನ್ನೇ ಉರಿಸಿಕೊಂಡು ಓಡಬಹುದು. ಆಗ ಕೀ ತೆಗೆದರೂ ನಿಲ್ಲುವುದಿಲ್ಲ.

ಗ್ಯಾರೇಜಿನವರಲ್ಲಿ, ಸರ್ವೀಸ್ ಸೆಂಟರಿನವರಲ್ಲಿ ನನ್ನ ಕೋರಿಕೆ ಎರಡೇ. ಬಿಚ್ಚಿದ ಹಳೇ ಟರ್ಬೊವನ್ನು ಗಾಡಿಯವನ ಕೈಗೆ ಕೊಡಿ. ಅದು ಯಾಕೆ ಹೋಯಿತು, ಆಯಿಲ್ ಪೈಪ್ ಬದಲಿಸಿದಿರಾ ಇಲ್ಲವಾ ಎಂದು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರೆದು ಸಹಿ ಹಾಕಿ. ನನ್ನ ಮೊದಲ ಬಿಲ್ಲಿನಲ್ಲಿ ಆ ಒಂದು ಸಾಲು ಇದ್ದಿದ್ದರೆ ಎರಡನೇ ಬಿಲ್ಲು ಬರುತ್ತಿರಲಿಲ್ಲ.

ಇಂತಿ,
ಒಬ್ಬ ಟ್ಯಾಕ್ಸಿ ಚಾಲಕ,
ಸಕಲೇಶಪುರ